ಪಕ್ಕದ ಮನೆಯ ಎಮ್ಮೆ

ಕಳೆದ ದೀಪಾವಳಿ ಮುಗಿದ ಮರುವಾರ ಚಿಗವ್ವನ ಮಗನ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ನೋಡುತ್ತಿದ್ದಾಗ ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿಯ ಹೆಸರು ಎರಡು ಸಲ ಕಣ್ಣಿಗೆ ಬಿತ್ತು. ಮೊದಲ ಸಲ 49,000 ರೂಪಾಯಿ, ಹನ್ನೊಂದು ದಿನಗಳ ನಂತರ 38,500 ರೂಪಾಯಿ. ಅವನ ಮನೆಯಲ್ಲಿ ಯಾವ ಕೆಲಸವೂ ನಡೆದಿರಲಿಲ್ಲ. ಹಳೇ ಹುಬ್ಬಳ್ಳಿಯ ಆ ಹಂಚಿನ ಮನೆಯ ಬಚ್ಚಲಿನ ನಳ ಎರಡು ವರ್ಷದಿಂದ ಸೋರುತ್ತಿದ್ದದ್ದು ಆಗಲೂ ಸೋರುತ್ತಲೇ ಇತ್ತು. ಉಳಿದ ಸಾಲುಗಳಲ್ಲಿ ಪೆಟ್ರೋಲ್, ಚಿಗವ್ವನ ಔಷಧಿ, ಮೊಬೈಲ್ ರೀಚಾರ್ಜ್ ಇದ್ದವು. ಯಾರಿಗೆ ತೋರಿಸಿದರೂ ಇದು ಸಂಸಾರಸ್ಥನ ಕಾರ್ಡು ಎಂದೇ ಹೇಳುವಂತಿದ್ದ ಆ ಕಾಗದವನ್ನು ನಾನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

ಹುಬ್ಬಳ್ಳಿಯಲ್ಲಿ ತೆರಿಗೆ ಲೆಕ್ಕ ಬರೆದುಕೊಡುವ ಸಣ್ಣ ಕಚೇರಿಯೊಂದನ್ನು ನಾನು ನಡೆಸುತ್ತೇನೆ. ಜನರ ದುಡ್ಡಿನ ಗುಟ್ಟು ಅವರ ಹೆಂಡಿರಿಗಿಂತ ಮೊದಲು ನನಗೆ ತಿಳಿಯುವುದುಂಟು, ಮತ್ತು ಈ ಕಸುಬಿನಲ್ಲಿ ಅದನ್ನು ಮರೆಯುವುದನ್ನೂ ಕಲಿಯಬೇಕಾಗುತ್ತದೆ. ಆನ್‌ಲೈನ್ ಜೂಜಿಗೆ ಕ್ರೆಡಿಟ್ ಕಾರ್ಡಿನ ದಾರಿ ಮುಚ್ಚಿದರೆ ಆಟಗಾರನಿಗೆ ಏನಾಗುತ್ತದೆ ಎಂದು ಯಾರಾದರೂ ಒಂದು ವರ್ಷದ ಹಿಂದೆ ಕೇಳಿದ್ದರೆ ನಾನು ಸಲೀಸಾಗಿ ಉತ್ತರ ಕೊಡುತ್ತಿದ್ದೆ: ಸಾಲದ ದುಡ್ಡು ಸಿಗದಿದ್ದರೆ ಆಟ ತಾನೇ ನಿಲ್ಲುತ್ತದೆ. ಹಾರ್ಡ್‌ವೇರ್ ಅಂಗಡಿಯ ಆ ಎರಡು ಸಾಲುಗಳನ್ನು ಕಂಡ ಮೇಲೆ ಆ ಉತ್ತರ ನನಗೇ ಸಾಲದಾಗಿದೆ.

ಬ್ಯಾಡಗಿಯ ಚಹಾ

ಇದಕ್ಕೆ ನಾನು ನನ್ನ ಸೋದರಮಾವನಿಂದ ಶುರು ಮಾಡಬೇಕು. ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು. ಅದು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮಾವನಿಗೆ ಬ್ಯಾಡಗಿಯ ಆಚೆ ಐದು ಎಕರೆ ಹೊಲ, ಅದರಲ್ಲಿ ಮೆಣಸಿನಗಿಡ. ದೀಪಾವಳಿಯ ಮೂರು ದಿನ ಊರಿನ ಗಂಡಸರೆಲ್ಲ ಇಸ್ಪೀಟು ಹಿಡಿಯುವುದು ಹಬ್ಬದ ಭಾಗವೇ ಆಗಿತ್ತು. ಲಕ್ಷ್ಮೀಪೂಜೆಯ ರಾತ್ರಿ ಆಡದಿದ್ದರೆ ಮುಂದಿನ ಜನ್ಮದಲ್ಲಿ ಕತ್ತೆಯಾಗುತ್ತಾರೆಂದು ಮುದುಕರು ನಗುತ್ತ ಹೇಳುತ್ತಿದ್ದರು. ಉಳಿದವರ ಆಟ ಮೂರು ದಿನಕ್ಕೆ ಮುಗಿದರೆ ಮಾವನದು ಮುಗಿಯುತ್ತಿರಲಿಲ್ಲ. ಆ ವರ್ಷ ಅವನು ಅಂದರ್ ಬಾಹರ್‌ನಲ್ಲಿ ಕೈಯಲ್ಲಿದ್ದದ್ದನ್ನೆಲ್ಲ ಸೋತು, ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿ ಬ್ಯಾಡಗಿಯ ದಲಾಲಿ ಅಂಗಡಿಗೆ ಹೋದ. ನನಗೆ ಹನ್ನೆರಡು ವರ್ಷ. ನನ್ನನ್ನು ಯಾಕೆ ಕರೆದುಕೊಂಡು ಹೋದ ಎಂದು ಬಹಳ ವರ್ಷ ಯೋಚಿಸಿದ್ದೇನೆ; ಹುಡುಗನೊಬ್ಬ ಪಕ್ಕದಲ್ಲಿದ್ದರೆ ಸಾಲ ಕೇಳುವವನು ಸಂಸಾರವಂತನಂತೆ ಕಾಣುತ್ತಾನೆ ಎಂಬ ಲೆಕ್ಕ ಇದ್ದಿರಬೇಕು.

ಮೆಣಸಿನಕಾಯಿ ಇನ್ನೂ ಗಿಡದಲ್ಲಿತ್ತು. ಅದರ ಮೇಲೆ ಮುಂಗಡ ಕೇಳುವುದು ಆ ಸೀಮೆಯಲ್ಲಿ ಹೊಸದೇನಲ್ಲ. ಸುಗ್ಗಿಗೆ ಮಾಲು ಅದೇ ಅಂಗಡಿಗೆ ಹೋಗಬೇಕು, ಅಲ್ಲಿಯವರೆಗೆ ಬಡ್ಡಿ. ಅಂಗಡಿಯ ಸಾಹುಕಾರ ಗಾದಿಯ ಮೇಲೆ ಕೂತಿದ್ದ. ಚೀಲಗಳ ಘಾಟಿಗೆ ನನಗೆ ಸೀನು ಬರುತ್ತಿತ್ತು. ಎಲ್ಲ ಕೇಳಿಸಿಕೊಂಡ ಮೇಲೆ ಆತ ಕೇಳಿದ: "ಯಾತಕ್ಕ ಬೇಕಾಗಿತ್ರಿ ಗೌಡ್ರ?" ಮಾವ, "ಸುಮ್ನ... ಸ್ವಲ್ಪ ಅಡಚಣಿ" ಎಂದ. ಸಾಹುಕಾರ ಬಿಡಲಿಲ್ಲ. "ಗೊಬ್ಬರಕ್ಕಂದ್ರ ಗೊಬ್ಬರದಂಗಡಿಗೆ ಚೀಟಿ ಬರದ ಕೊಡ್ತೇನ್ರಿ. ಮದುವಿಗಂದ್ರ ತಾರೀಖ ಹೇಳ್ರಿ. ದವಾಖಾನಿಗಂದ್ರ ನಾನ ಬರ್ತೇನಿ." ಮಾವ ಸುಳ್ಳು ಹೇಳಬಹುದಿತ್ತು. ಆದರೆ ಯಾವ ಸುಳ್ಳು ಹೇಳಿದರೂ ಅದರ ಹಿಂದೆ ಒಂದು ಚೀಟಿ, ಒಂದು ತಾರೀಖು, ಒಂದು ದವಾಖಾನೆ ನಿಂತಿತ್ತು. ನಾವು ಚಹಾ ಕುಡಿದು ಎದ್ದೆವು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಒಂದು ಮಾತನ್ನೂ ಆಡಲಿಲ್ಲ.

ಆ ಸಾಹುಕಾರನನ್ನು ನಾನು ಸಂತನನ್ನಾಗಿ ಮಾಡುತ್ತಿಲ್ಲ. ಅವನ ಬಡ್ಡಿಯ ಲೆಕ್ಕ ನೋಡಿದವರಿಗೆ ಅವನ ಬಗ್ಗೆ ಒಳ್ಳೆಯ ಮಾತು ಬರುವುದು ಕಷ್ಟ. ಗೊಬ್ಬರಕ್ಕೆ ಹೋದ ದುಡ್ಡು ಬೆಳೆಯಾಗಿ ತನ್ನ ಅಂಗಡಿಗೇ ಬರುತ್ತದೆ, ಇಸ್ಪೀಟಿಗೆ ಹೋದದ್ದು ಬರುವುದಿಲ್ಲ ಎಂಬ ಸ್ವಾರ್ಥದಿಂದಲೇ ಅವನು ಕೇಳಿದ. ಮಾವನೂ ಆ ದಿನದಿಂದ ಆಟ ಬಿಡಲಿಲ್ಲ. ಮುಂದಿನ ವರ್ಷವೂ ಆಡಿದ, ಆದರೆ ಗಿಡದಲ್ಲಿದ್ದ ಮೆಣಸಿನಕಾಯಿಯನ್ನು ಆಡಲಿಲ್ಲ. ರೊಕ್ಕ ಕೈಗೆ ಕೊಡದೆ ಗೊಬ್ಬರದಂಗಡಿಗೆ ಚೀಟಿ ಬರೆದುಕೊಡುವ ಆ ಪದ್ಧತಿಯನ್ನೇ ಇಂದಿನ ಪೇಮೆಂಟ್ ಜಾಲ ಬೇರೆ ಹೆಸರಿನಲ್ಲಿ ನಡೆಸುತ್ತಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಕಾರ್ಡು ಸ್ವೀಕರಿಸುವ ಪ್ರತಿಯೊಬ್ಬ ವ್ಯಾಪಾರಿಗೂ ನಾಲ್ಕಂಕಿಯ ಒಂದು ಸಂಕೇತವಿರುತ್ತದೆ. ಬಾಜಿ ಮತ್ತು ಜೂಜಿನದು 7995. ನಾವು ಕಾರ್ಡು ಒತ್ತಿದಾಗ ಬ್ಯಾಂಕಿನ ಯಂತ್ರ ಆ ಸಂಕೇತವನ್ನು ಓದುತ್ತದೆ. 'ಯಾತಕ್ಕ' ಎಂಬ ಪ್ರಶ್ನೆಯನ್ನು ಕೇಳುವ ಶಕ್ತಿ ಅದಕ್ಕೆ ಮೊದಲಿನಿಂದಲೂ ಇದೆ. ಕೇಳಬೇಕೋ ಬೇಡವೋ ಎಂಬುದಷ್ಟೇ ಉಳಿದ ಸಂಗತಿ.

ಪತ್ತು

ನಮ್ಮ ಕಡೆ ಕ್ರೆಡಿಟ್ ಎಂಬುದಕ್ಕೆ ಪತ್ತು ಎನ್ನುತ್ತೇವೆ. ಪತ್ತಿನ ಸಹಕಾರಿ ಸಂಘದ ಫಲಕವಿಲ್ಲದ ಪೇಟೆ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಸಿಗಲಾರದು. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ, ಅಂದರೆ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, ರೈತರ ಸಂಘ ಕಟ್ಟಿದ್ದನ್ನು ನಾವು ಶಾಲೆಯಲ್ಲೇ ಓದಿದ್ದೇವೆ. ಪತ್ತು ಎಂದರೆ ಸಾಲವೂ ಹೌದು, ನಂಬಿಕೆಯೂ ಹೌದು. ಊರಿನಲ್ಲಿ ಒಬ್ಬನ ಪತ್ತು ಎಷ್ಟೆಂದರೆ ಊರು ಅವನನ್ನು ಎಷ್ಟು ಬಲ್ಲದೋ ಅಷ್ಟು. ಆದ್ದರಿಂದಲೇ ಸಂಘದ ಅರ್ಜಿಯಲ್ಲಿ ಇಂದಿಗೂ 'ಸಾಲದ ಉದ್ದೇಶ' ಎಂಬ ಒಂದು ಸಾಲು ಇರುತ್ತದೆ.

ಆ ಸಾಲಿನಲ್ಲಿ ಎಲ್ಲರೂ ನಿಜ ಬರೆದರೆಂದು ಯಾರೂ ನಂಬಬೇಕಾಗಿಲ್ಲ. ಎಮ್ಮೆ ಸಾಲ ತೆಗೆದು ಮಗಳ ಮದುವೆ ಮಾಡಿದವರ ಕಥೆ ಎಲ್ಲ ಊರಿನಲ್ಲೂ ಇದೆ. ಬ್ಯಾಂಕಿನ ಸಾಹೇಬರು ಎಮ್ಮೆ ನೋಡಲು ಬರುವ ದಿನ ಪಕ್ಕದ ಮನೆಯ ಎಮ್ಮೆಯನ್ನು ತಂದು ಕೊಟ್ಟಿಗೆಯಲ್ಲಿ ಕಟ್ಟುವುದು, ಅವರು ಕಿವಿಯ ಬಿಲ್ಲೆ ನೋಡಿ, ಮಜ್ಜಿಗೆ ಕುಡಿದು ಹೋಗುವುದು, ಸಂಜೆ ಎಮ್ಮೆ ತನ್ನ ಮನೆಗೆ ತಾನೇ ನಡೆದು ಹೋಗುವುದು. ಇದನ್ನು ಹೇಳಿ ನಾವೆಲ್ಲ ನಕ್ಕಿದ್ದೇವೆ. ಆದರೂ ಎಮ್ಮೆ ತರಲು ಪಕ್ಕದ ಮನೆಯವನನ್ನು ಕೇಳಬೇಕಾಗಿತ್ತು, ಅವನಿಗೆ ಕಾರಣ ಹೇಳಬೇಕಾಗಿತ್ತು, ಸಾಹೇಬರಿಗೂ ಅರ್ಧ ಗೊತ್ತಿರುತ್ತಿತ್ತು. ಸುಳ್ಳಿಗೂ ನಾಲ್ಕು ಜನ ಸಾಕ್ಷಿ ಇರುತ್ತಿದ್ದರು.

ಐವತ್ತೆರಡು ನಿಮಿಷ

2024ರ ಜುಲೈ. ರಿಟರ್ನ್ ಸಲ್ಲಿಸುವ ಗದ್ದಲದ ದಿನಗಳು. ಗೋಕುಲ ರಸ್ತೆಯ ವಾಹನ ಶೋರೂಮೊಂದರಲ್ಲಿ ಕೆಲಸ ಮಾಡುವ ಚಿಗವ್ವನ ಮಗನ ಎಐಎಸ್ ಪಟ್ಟಿ, ಅಂದರೆ ಅವನ ವರ್ಷದ ಆದಾಯದ ಬಗ್ಗೆ ತೆರಿಗೆ ಇಲಾಖೆಯ ಬಳಿ ಇರುವ ಪಟ್ಟಿ, ತೆರೆದಾಗ ಸಂಬಳದ ಕೆಳಗೆ ಆದಾಯ ತೆರಿಗೆ ಕಾಯ್ದೆಯ 194ಬಿಎ ಕಲಮಿನ ಒಂದು ನಮೂದು ಇತ್ತು. ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇ. 30 ತೆರಿಗೆಯನ್ನು ಮೂಲದಲ್ಲೇ ಕಡಿಯುವ ಈ ಕಲಮು ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಿಂದ; ಹಾಗಾಗಿ ಆ ವರ್ಷವೇ ಮೊದಲ ಬಾರಿಗೆ ಇಂಥ ಸಾಲುಗಳು ನನ್ನ ಮೇಜಿನ ಮೇಲೆ ಬರತೊಡಗಿದ್ದವು. ಅವನದು 12,600 ರೂಪಾಯಿ ಗೆಲುವು, 3,780 ರೂಪಾಯಿ ತೆರಿಗೆ. "ರಿಫಂಡ್ ಬರ್ತದೇನ ಅಣ್ಣಾ?" ಎಂದು ಅವನು ಉತ್ಸಾಹದಿಂದ ಕೇಳಿದ. "ಗೆದ್ದದ್ದು ಇಷ್ಟು. ಹಾಕಿದ್ದು ಎಷ್ಟು?" ಎಂದು ನಾನು ಕೇಳಿದೆ. ಅವನು ಬ್ಯಾಡಗಿಯ ಬಸ್ಸಿನಲ್ಲಿ ಕೂತ ಮಾವನ ಹಾಗೆ ಕಿಟಕಿಯ ಕಡೆ ನೋಡಿದ. ಆ ಗೆಲುವು ಒಂದು ಆ್ಯಪಿನದು. ಬೇರೆ ಮೂರರಲ್ಲಿ ಸೋತದ್ದು ಆ ನಮೂದಿನಲ್ಲಿ ಕಾಣುವುದಿಲ್ಲ. ತೆರಿಗೆ ಇಲಾಖೆಯ ಕಣ್ಣಿಗೆ ಅವನು ಗೆದ್ದವನು.

ಮರುದಿನ ಸಂಜೆ ತಾನಾಗಿಯೇ ಕಾರ್ಡಿನ ಸ್ಟೇಟ್‌ಮೆಂಟ್ ಮತ್ತು ಮೊಬೈಲ್ ಹಿಡಿದುಕೊಂಡು ಬಂದ. ಸ್ಟೇಟ್‌ಮೆಂಟ್ ತಾರೀಖನ್ನಷ್ಟೇ ಹೇಳುತ್ತದೆ, ವೇಳೆಯನ್ನು ಮೊಬೈಲಿಗೆ ಬಂದ ಸಂದೇಶಗಳು ಹೇಳುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆವು. ಮೇ ತಿಂಗಳ ಒಂದು ರಾತ್ರಿ 11 ಗಂಟೆ 40 ನಿಮಿಷಕ್ಕೆ 500 ರೂಪಾಯಿ. ನಂತರ ಮತ್ತೆ 500, ಎರಡು ಸಲ ಸಾವಿರ, ಎರಡು ಸಲ ಎರಡು ಸಾವಿರ, ಒಮ್ಮೆ ಮೂರು ಸಾವಿರ, ಕೊನೆಗೆ ಐದೈದು ಸಾವಿರದ ಎರಡು ಕಂತು. ಒಂಬತ್ತು ಪಾವತಿ, ಐವತ್ತೆರಡು ನಿಮಿಷ, 20,000 ರೂಪಾಯಿ. ಪ್ರತಿ ಸೋಲಿಗೂ ಮುಂದಿನ ಮೊತ್ತ ಬೆಳೆಯುತ್ತ ಹೋದದ್ದನ್ನು ನೋಡಿದರೆ ಅವನ ಉಸಿರಾಟವೇ ಕಾಗದದ ಮೇಲೆ ಅಚ್ಚಾದಂತಿತ್ತು. 2023ರ ಅಕ್ಟೋಬರ್ 1ರಿಂದ ಆಟಕ್ಕೆ ಹಾಕಿದ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಇತ್ತು. ಆ ಲೆಕ್ಕದಲ್ಲಿ ಇಪ್ಪತ್ತು ಸಾವಿರದೊಳಗೆ 4,375 ರೂಪಾಯಿ ತೆರಿಗೆಯೇ. ಕಂಪನಿ ಅದನ್ನು ಬೋನಸ್ ಎಂಬ ಹೆಸರಿನಲ್ಲಿ ತುಂಬಿಕೊಟ್ಟಿದ್ದರಿಂದ ಅವನಿಗೆ ಅದು ತಟ್ಟಿರಲೇ ಇಲ್ಲ.

ಇದೇ ಆಟವನ್ನು ಸ್ವಂತ ರೊಕ್ಕದಲ್ಲಿ ಆಡಿದ್ದರೆ ಏನಾಗುತ್ತಿತ್ತು? ಮೇ ತಿಂಗಳ ಆ ರಾತ್ರಿ ಅವನ ಉಳಿತಾಯ ಖಾತೆಯಲ್ಲಿ ಇದ್ದದ್ದು ಆರು ಸಾವಿರ ಚಿಲ್ಲರೆ. ಅಂದರೆ ಆರನೆಯ ಪಾವತಿಯ ಹೊತ್ತಿಗೆ ಯಂತ್ರವೇ ಇಲ್ಲ ಎನ್ನುತ್ತಿತ್ತು. ಅವನು ಸೋಲುತ್ತಿದ್ದ, ಬೈದುಕೊಳ್ಳುತ್ತಿದ್ದ, ಮಲಗುತ್ತಿದ್ದ. ಕಾರ್ಡು ಅವನನ್ನು ಮಲಗಲು ಬಿಡಲಿಲ್ಲ. ಕೊಂಡಾಗ ಅದರ ಮಿತಿ 60,000 ಇತ್ತು. ಒಂದು ಮಧ್ಯಾಹ್ನ ಮಿತಿ ಹೆಚ್ಚಿಸಬಹುದೆಂಬ ಸಂದೇಶ ಬಂದು, ಅವನು ಒಟಿಪಿ ಒತ್ತಿ, ಅದು 1,50,000 ಆಗಿತ್ತು. ಗ್ರಾಹಕನ ಒಪ್ಪಿಗೆಯಿಲ್ಲದೆ ಮಿತಿ ಹೆಚ್ಚಿಸಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಒಪ್ಪಿಗೆ ಇತ್ತು, ಆರು ಅಂಕಿಗಳ ಒಪ್ಪಿಗೆ.

ಬಾಕಿ 84,000ಕ್ಕೆ ಬಂದು ನಿಂತಿತ್ತು. ತಿಂಗಳಿಗೆ ಶೇ. 3.5 ಬಡ್ಡಿ ಎಂದರೆ 2,940 ರೂಪಾಯಿ, ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿ 3,469. ಅವನು ಪ್ರತಿ ತಿಂಗಳು ಪ್ರಾಮಾಣಿಕವಾಗಿ ಕಟ್ಟುತ್ತಿದ್ದ ಕನಿಷ್ಠ ಮೊತ್ತ ಶೇ. 5, ಅಂದರೆ 4,200. ಅದರಲ್ಲಿ ಅಸಲಿಗೆ ಹೋಗುತ್ತಿದ್ದದ್ದು ಏಳುನೂರು ಚಿಲ್ಲರೆ. "ತಪ್ಪದ ಕಟ್ಟೇನಲ್ಲ ಅಣ್ಣಾ, ಒಂದ ತಿಂಗಳಾನೂ ಬಿಟ್ಟಿಲ್ಲ" ಎಂದು ಅವನು ಹೇಳುವಾಗ ಆ ಧ್ವನಿಯಲ್ಲಿದ್ದ ಹೆಮ್ಮೆ ನನ್ನನ್ನು ಬಹಳ ಕಾಡಿತು. ಕೊನೆಗೆ ಚಿಗವ್ವ ತನ್ನ ಪಾಟಲಿಗಳನ್ನು ಪತ್ತಿನ ಸಂಘದಲ್ಲಿ ಇಟ್ಟು ಆ ಸಾಲ ತೀರಿಸಿದಳು. ಸಂಘದಲ್ಲಿ ಉದ್ದೇಶ ಕೇಳಿದಾಗ ಆಕೆ ಹೇಳಿದ್ದು "ಮನೀ ರಿಪೇರಿಗೆ" ಎಂದು.

ಆ ದಿನ ನಾವು ಕಾರ್ಡಿನ ಆನ್‌ಲೈನ್ ಬಳಕೆಯನ್ನು ಮೊಬೈಲಿನಲ್ಲೇ ಬಂದ್ ಮಾಡಿದೆವು. ಹೀಗೆ ಕಾರ್ಡುದಾರನೇ ಬೇಕಾದ ಬಳಕೆಯನ್ನು ತೆರೆದು ಮುಚ್ಚುವ ವ್ಯವಸ್ಥೆಯನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಒಳ್ಳೆಯ ವ್ಯವಸ್ಥೆ, ಆದರೆ ಮುಚ್ಚಿದ ಬೆರಳೇ ಮರುಕ್ಷಣ ತೆರೆಯಬಹುದು. ಬ್ರಿಟನ್ನಿನ ಮೊಂಜೊ ಎಂಬ ಬ್ಯಾಂಕು 2018ರಲ್ಲಿ ಜೂಜಿನ ಪಾವತಿಗೆಂದೇ ಒಂದು ತಡೆಯನ್ನು ತಂದಾಗ ಅದನ್ನು ಹಾಕುವುದನ್ನು ಸುಲಭ ಮಾಡಿ, ತೆಗೆಯುವುದನ್ನು ಕಷ್ಟ ಮಾಡಿತು: ತೆಗೆಯಬೇಕೆಂದರೆ ಬ್ಯಾಂಕಿನವರೊಡನೆ ಮಾತಾಡಬೇಕು, ನಂತರ 48 ಗಂಟೆ ಕಾಯಬೇಕು. ಐವತ್ತೆರಡು ನಿಮಿಷಗಳ ಆ ರಾತ್ರಿಯನ್ನು ಕಂಡವನಿಗೆ ನಲವತ್ತೆಂಟು ಗಂಟೆ ಎಂದರೇನೆಂದು ತಿಳಿಯುತ್ತದೆ.

ಇರುವ ದುಡ್ಡು, ಇಲ್ಲದ ದುಡ್ಡು

ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ 2020ರ ಏಪ್ರಿಲ್ 14ರಿಂದ ಜೂಜಿಗೆ ಕ್ರೆಡಿಟ್ ಕಾರ್ಡನ್ನು ನಿಷೇಧಿಸಿತು. ಅಲ್ಲಿ ಜೂಜು ಅಪರಾಧವಲ್ಲ. ಪರವಾನಗಿ ಪಡೆದ ಕಂಪನಿಗಳು ರಾಜಾರೋಷವಾಗಿ ನಡೆಸುತ್ತವೆ. ಆದರೂ ಕಮಿಷನ್ ಒಂದು ಗೆರೆ ಎಳೆಯಿತು: ಆಡು, ಆದರೆ ಇರುವ ದುಡ್ಡಿನಲ್ಲಿ ಆಡು. ಡೆಬಿಟ್ ಕಾರ್ಡಿಗೆ ತಡೆಯಿಲ್ಲ. ಕ್ರೆಡಿಟ್ ಕಾರ್ಡಿನಿಂದ ಇ-ವಾಲೆಟ್ ತುಂಬಿ, ವಾಲೆಟ್‌ನಿಂದ ಆಡುವ ಹಿಂಬಾಗಿಲನ್ನೂ ಕಂಪನಿಗಳೇ ಕಾಯಬೇಕು ಎಂದಿತು. ಆ ಹೊತ್ತಿಗೆ ಅಲ್ಲಿ ಎಂಟು ಲಕ್ಷ ಜನ ಜೂಜಿಗೆ ಕ್ರೆಡಿಟ್ ಕಾರ್ಡು ಬಳಸುತ್ತಿದ್ದರೆಂಬ ಅಂದಾಜಿತ್ತು, ಮತ್ತು ಕಮಿಷನ್ ಮುಂದಿಟ್ಟ ಸಂಶೋಧನೆಯ ಪ್ರಕಾರ ಕ್ರೆಡಿಟ್ ಕಾರ್ಡಿನಲ್ಲಿ ಆನ್‌ಲೈನ್ ಆಡುವವರಲ್ಲಿ ಶೇ. 22 ಮಂದಿ ಜೂಜಿನ ಗೀಳಿಗೆ ಬಿದ್ದವರು. ಆಸ್ಟ್ರೇಲಿಯಾ 2024ರ ಜೂನ್ 11ರಿಂದ ಆನ್‌ಲೈನ್ ಬಾಜಿಗೆ ಕ್ರೆಡಿಟ್ ಕಾರ್ಡು ಮತ್ತು ಕ್ರಿಪ್ಟೊ ಹಣ ಎರಡನ್ನೂ ನಿಲ್ಲಿಸಿತು. ಲಾಟರಿಯನ್ನು ಮಾತ್ರ ಹೊರಗಿಟ್ಟಿತು. ಲಾಟರಿ ಯಾಕೆ ಪುಣ್ಯವಂತ ಎಂದು ನನಗೆ ಅರ್ಥವಾಗಿಲ್ಲ. ಒಂದಂಕಿ ಲಾಟರಿಯ ಕಾಲದ ಹುಬ್ಬಳ್ಳಿಯನ್ನು ಕಂಡ ಯಾರಿಗೂ ಅರ್ಥವಾಗಲಾರದು.

ಶೇ. 22 ಎಂದರೆ ಉಳಿದ ಶೇ. 78 ಜನಕ್ಕೆ ಇದು ಅನ್ಯಾಯವಲ್ಲವೇ ಎಂದು ನನ್ನ ಕಚೇರಿಗೆ ಬರುವ ಒಬ್ಬ ಇಂಜಿನಿಯರ್ ವಾದಿಸುತ್ತಿದ್ದರು. ತಿಂಗಳ ಕೊನೆಗೆ ಪೂರ್ತಿ ಬಾಕಿ ಕಟ್ಟುವವರು, ಕಾರ್ಡಿನ ಪಾಯಿಂಟುಗಳಿಗಾಗಿ ಬಳಸುವವರು ಅವರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವರು ಕಳೆದುಕೊಳ್ಳುವುದು ಒಂದು ಅನುಕೂಲವನ್ನು ಮಾತ್ರ. ಖಾತೆಯಲ್ಲಿ ದುಡ್ಡಿದ್ದವನಿಗೆ ಡೆಬಿಟ್ ಕಾರ್ಡಿನಿಂದ ಆಡುವುದರಲ್ಲಿ ಯಾವ ನಷ್ಟವೂ ಇಲ್ಲ. ಸಾಲ ಇಲ್ಲದಿದ್ದರೆ ಆಡಲಾರೆ ಎನ್ನುವವನಿಗೆ ಮಾತ್ರ ಈ ನಿಯಮ ತಟ್ಟುತ್ತದೆ, ಮತ್ತು ಅವನಿಗಾಗಿಯೇ ಅದು ಇರುವುದು.

ನಮ್ಮಲ್ಲಿ ನಡೆದದ್ದು ಬೇರೆ. ಲಾಟರಿಗೋ, ವಿದೇಶಿ ಬಾಜಿಗೋ ದೇಶದಿಂದ ಹೊರಗೆ ಹಣ ಕಳಿಸಬಾರದೆಂದು ವಿದೇಶಿ ವಿನಿಮಯದ ಫೆಮಾ ನಿಯಮಗಳು 2000ದಿಂದಲೇ ಹೇಳುತ್ತಿವೆ. ಒಳಗಿನ ಆಟಗಳ ವಿಷಯದಲ್ಲಿ ಕೌಶಲವೋ ಅದೃಷ್ಟವೋ ಎಂಬ ವಾದವೇ ವರ್ಷಗಟ್ಟಲೆ ನಡೆಯಿತು. ನಮ್ಮ ರಾಜ್ಯದ 2021ರ ತಿದ್ದುಪಡಿ 2022ರ ಫೆಬ್ರುವರಿ 14ರಂದು ಹೈಕೋರ್ಟಿನಲ್ಲಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಈ ನಡುವೆ ಇರುವ ದುಡ್ಡು ಮತ್ತು ಇಲ್ಲದ ದುಡ್ಡಿನ ನಡುವೆ ಗೆರೆ ಎಳೆಯುವ ಯೋಚನೆಯನ್ನು ಯಾರೂ ಮಾಡಲಿಲ್ಲ. 2025ರ ಜುಲೈನಿಂದ ದೊಡ್ಡ ಖಾಸಗಿ ಬ್ಯಾಂಕೊಂದು ಇಂಥ ಆಟಗಳಿಗೆ ತಿಂಗಳಲ್ಲಿ 10,000 ರೂಪಾಯಿ ಮೀರಿ ಕಾರ್ಡು ಬಳಸಿದರೆ ಶೇ. 1 ಶುಲ್ಕ ಎಂದಿತು. ಯಂತ್ರಕ್ಕೆ ಎಲ್ಲ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. 'ಯಾತಕ್ಕ' ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಅದಕ್ಕೊಂದು ದರ ಬರೆದಂತಾಯಿತು. ಎರಡು ತಿಂಗಳೊಳಗೆ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡಿನ ಆಟ ನಡೆಸುವವರಿಗೂ, ಅದಕ್ಕೆ ಹಣ ಸಾಗಿಸುವವರಿಗೂ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. ಕಾರ್ಡು, ಯುಪಿಐ, ವಾಲೆಟ್ ಎಂಬ ಭೇದವಿಲ್ಲದೆ ಎಲ್ಲ ಬಾಗಿಲೂ ಒಂದೇ ಸಲ ಮುಚ್ಚಿದವು.

ಗಿರಮಿಟ್ ಅಂಗಡಿಯ ಮುಂದೆ

ಆ ವಾರ ಚಿಗವ್ವನ ಮಗ ನನಗೆ ಫೋನ್ ಮಾಡಿ, "ಬಂದ್ ಆತು ಅಣ್ಣಾ, ಚಲೋ ಆತು" ಎಂದ. ಆ್ಯಪಿನಲ್ಲಿ ಉಳಿದಿದ್ದ 2,300 ರೂಪಾಯಿ ಅವನ ಖಾತೆಗೆ ಮರಳಿ ಬಂದಿತ್ತು. ಆ ಮಾತಿನಲ್ಲಿ ನಿಜವಾದ ನಿರಾಳವಿತ್ತು, ಅದನ್ನು ನಾನು ಅನುಮಾನಿಸುವುದಿಲ್ಲ. ನನ್ನ ಬಳಿ ಲೆಕ್ಕ ಮಾಡಿಸುವ ಹುಡುಗರಲ್ಲಿ 194ಬಿಎ ನಮೂದು ಇದ್ದವರು ಇನ್ನೂ ಐದು ಜನ. ಅವರಲ್ಲಿ ನಾಲ್ವರು ಆಗಸ್ಟಿನ ನಂತರ ನಿಜವಾಗಿಯೂ ಬಿಟ್ಟಿದ್ದಾರೆ. ಒಬ್ಬ ಶಿಕ್ಷಕನಂತೂ, ಯಾರಾದರೂ ಕೈ ಹಿಡಿದು ಎಬ್ಬಿಸಲಿ ಎಂದು ಕಾಯುತ್ತಿದ್ದೆ ಎಂದು ಹೇಳಿದ. ಬಾಗಿಲು ಮುಚ್ಚಿದಾಗ ಬೇರೆ ಬಾಗಿಲು ಹುಡುಕದವರೇ ಹೆಚ್ಚು ಎಂಬುದನ್ನು, ನಿಷೇಧದಿಂದ ಏನೂ ಆಗದು ಎನ್ನುವವರು ಒಪ್ಪಿಕೊಳ್ಳಬೇಕು.

ಹಾರ್ಡ್‌ವೇರ್ ಅಂಗಡಿಯ ಸಾಲುಗಳನ್ನು ಕಂಡ ಸಂಜೆ ನಾನು ಅವನನ್ನು ದುರ್ಗದಬೈಲಿಗೆ ಕರೆದೆ. ಮನೆಯಲ್ಲಿ ಚಿಗವ್ವನ ಮುಂದೆ ಕೇಳುವ ಮನಸ್ಸಿರಲಿಲ್ಲ. ಗಿರಮಿಟ್‌ನ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಎಲ್ಲವನ್ನೂ ಹೇಳಿದ. ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ನಡೆಯುವಾಗ ಗೆಳೆಯನೊಬ್ಬ ಒಂದು ಐಡಿ ಕೊಡಿಸಿದ್ದ. ಅದು ಎಲ್ಲಿಯೋ ಹೊರದೇಶದಲ್ಲಿ ಕೂತು ನಡೆಸುವ ಬಾಜಿ. ಹಣ ಹಾಕಬೇಕೆಂದರೆ ಟೆಲಿಗ್ರಾಂನಲ್ಲಿ ಒಂದು ಕ್ಯೂಆರ್ ಬರುತ್ತದೆ. ಇಂದಿನದು ನಾಳೆ ಇರುವುದಿಲ್ಲ, ಯಾರದೋ ಬಾಡಿಗೆ ಖಾತೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದಾದರೂ ವ್ಯಕ್ತಿಯ ಖಾತೆಗೆ ಅದರಿಂದ ಹಣ ಹೋಗುವುದಿಲ್ಲ, ವ್ಯಾಪಾರಿಗೆ ಮಾತ್ರ ಹೋಗುತ್ತದೆ. ಹಾಗಾಗಿ ಆ ದಾರಿಯಲ್ಲಿ ಕ್ರೆಡಿಟ್ ಕಾರ್ಡಿಗೆ ತಡೆ ಇದ್ದೇ ಇತ್ತು. ಸಂಬಳ ಮುಗಿದ ದಿನ ಅವನಿಗೆ ಆ ತಡೆ ಎದುರಾಯಿತು. ಆಗ ಅದೇ ಗೆಳೆಯ ಹಾರ್ಡ್‌ವೇರ್ ಅಂಗಡಿ ತೋರಿಸಿದ. ಅಂಗಡಿಯವನು ಕಾರ್ಡು ಒತ್ತಿಸಿಕೊಂಡು, ನೂರಕ್ಕೆ ಮೂರು ಹಿಡಿದು, ಉಳಿದದ್ದನ್ನು ನಗದು ಕೊಡುತ್ತಾನೆ. 49,000ಕ್ಕೆ 47,530. ಬಿಲ್ಲಿನಲ್ಲಿ ಪಿವಿಸಿ ಪೈಪು ಮತ್ತು ಬಣ್ಣ. ಇದು ವ್ಯಾಪಾರಿಯು ಮಷಿನ್ ಕೊಟ್ಟ ಬ್ಯಾಂಕಿನೊಂದಿಗೆ ಮಾಡಿಕೊಂಡ ಒಪ್ಪಂದಕ್ಕೆ ವಿರುದ್ಧ ಎಂದು ಆ ಅಂಗಡಿಯವನಿಗೂ ಗೊತ್ತು, ಎದುರಿನ ಅಂಗಡಿಯವನಿಗೂ ಗೊತ್ತು.

"ಮದ್ಲಾ ಆ್ಯಪ್ ಹೆಸರ ಬರ್ತಿತ್ತಲ್ಲ ಅಣ್ಣಾ, ನೀ ನೋಡ್ತಿ ಅಂತ ಒಂದ ಅಂಜಿಕಿ ಇರ್ತಿತ್ತು" ಎಂದ ಅವನು. ತಟ್ಟೆಯಲ್ಲಿದ್ದ ಹಸಿಮೆಣಸಿನಕಾಯಿಯನ್ನು ಬೆರಳಿನಿಂದ ಆಚೆ ಸರಿಸಿ, "ಈಗ ಅದೂ ಹೋತು" ಎಂದ.

ಆ ಮಾತು ನನ್ನನ್ನು ಬಿಟ್ಟಿಲ್ಲ. 2024ರ ಆ ಸ್ಟೇಟ್‌ಮೆಂಟ್ ಕೆಟ್ಟದಾಗಿತ್ತು, ಆದರೆ ನಿಜ ಹೇಳುತ್ತಿತ್ತು. ಒಂಬತ್ತು ಪಾವತಿಗಳನ್ನೂ ಬೆರಳಿಟ್ಟು ಎಣಿಸಬಹುದಿತ್ತು. 2025ರ ಸ್ಟೇಟ್‌ಮೆಂಟ್ ಮರ್ಯಾದಸ್ಥನಂತೆ ಇದೆ, ಮತ್ತು ಅದರಲ್ಲಿರುವುದು ಪಕ್ಕದ ಮನೆಯ ಎಮ್ಮೆ. ವ್ಯತ್ಯಾಸವೆಂದರೆ ಈ ಎಮ್ಮೆಗೆ ಸಾಕ್ಷಿಗಳಿಲ್ಲ. 7995 ಎಂಬ ಸಂಕೇತ ಹಾರ್ಡ್‌ವೇರ್ ಅಂಗಡಿಯ ಸಂಕೇತವಾಗಿ ಬದಲಾದ ಕ್ಷಣದಲ್ಲಿ, ಕೇಳಬಲ್ಲ ಯಂತ್ರದ ಬಾಯಿಯೂ ಮುಚ್ಚಿತು, ನೋಡಬಲ್ಲ ಅಣ್ಣನ ಕಣ್ಣೂ ಮುಚ್ಚಿತು. ಮೇಲಾಗಿ ಮೂರು ಪ್ರತಿಶತ ಕಮಿಷನ್ ಸಾಲದ ಮೇಲೆ ಕೂತಿತು, ಮೋಸವಾದರೆ ದೂರು ಕೊಡುವ ದಾರಿಯೂ ಹೋಯಿತು. ಐಡಿಯಲ್ಲಿ ಒಮ್ಮೆ ಹದಿನೆಂಟು ಸಾವಿರ ಗೆದ್ದಾಗ ಆ ಖಾತೆಯೇ ಮಾಯವಾಗಿತ್ತಂತೆ. ಅದನ್ನು ಅವನು ಯಾರಿಗೆ ಹೇಳಬೇಕು?

ಹಾಗೆಂದು ತಡೆಯನ್ನು ತೆಗೆಯಿರಿ ಎನ್ನುವಷ್ಟು ಮೂರ್ಖ ನಾನಲ್ಲ. ನನ್ನ ಸಿಟ್ಟು ಬೇರೆ ಕಡೆಗಿದೆ. ನಾನು ಫ್ರಿಜ್ ಕೊಂಡ ಎರಡು ನಿಮಿಷದೊಳಗೆ ಅದನ್ನು ಇಎಂಐ ಮಾಡಿಸಿಕೊಳ್ಳಿ ಎಂದು ಸಂದೇಶ ಕಳಿಸುವಷ್ಟು ಚುರುಕಾದ ಬ್ಯಾಂಕಿಗೆ, ತಿಂಗಳಿಗೆ ಇಪ್ಪತ್ತಾರು ಸಾವಿರ ಸಂಬಳದವನೊಬ್ಬ ಹನ್ನೊಂದು ದಿನದಲ್ಲಿ ಎಂಬತ್ತೇಳೂವರೆ ಸಾವಿರದ ಪೈಪು ಮತ್ತು ಬಣ್ಣ ಕೊಂಡದ್ದು ವಿಚಿತ್ರವೆನಿಸಲಿಲ್ಲ. ಆ ಅಂಗಡಿಗೆ ಮಷಿನ್ ಕೊಟ್ಟ ಬ್ಯಾಂಕಿಗೆ ಅಲ್ಲಿ ದಿನವೂ ಸಾವಿರಗಳ ಲೆಕ್ಕದಲ್ಲಿ ದುಂಡು ಮೊತ್ತಗಳೇ ಬೀಳುವುದು ವಿಚಿತ್ರವೆನಿಸಲಿಲ್ಲ. ಬ್ಯಾಡಗಿಯ ಸಾಹುಕಾರನಿಗೆ ಗಾದಿಯಿಂದ ಏಳದೆಯೇ ಇದು ತಿಳಿಯುತ್ತಿತ್ತು. ಯಾಕೆಂದರೆ ಮುಳುಗಿದರೆ ಅವನ ರೊಕ್ಕ ಮುಳುಗುತ್ತಿತ್ತು. ಇಲ್ಲಿ ಶೇ. 42ರ ಬಡ್ಡಿಯಲ್ಲಿ ಹತ್ತು ಜನರು ಕನಿಷ್ಠ ಮೊತ್ತ ಕಟ್ಟುತ್ತ ಹೋದರೆ ಒಬ್ಬ ಮುಳುಗಿದ್ದು ಲೆಕ್ಕಕ್ಕೆ ಬಾರದು.

ನವೆಂಬರಿನಲ್ಲಿ ಅವನನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಸಾಲಿನಲ್ಲಿ ನಿಂತಾಗ ಪರಿಚಿತರು ಯಾರಾದರೂ ಕಂಡಾರೆಂದು ಅವನು ಕರವಸ್ತ್ರದಿಂದ ಮುಖ ಒರೆಸುತ್ತಲೇ ಇದ್ದ. ಡಾಕ್ಟರು ಬಹಳ ಮಾತಾಡಲಿಲ್ಲ. ಕೆಲವು ತಿಂಗಳು ದುಡ್ಡಿನ ವ್ಯವಹಾರ ಬೇರೆಯವರ ಕೈಯಲ್ಲಿರಲಿ, ಪ್ರತಿ ವಾರ ಬಾ ಎಂದರು. ಈಗ ಸಂಬಳ ಬಂದ ದಿನವೇ ಚಿಗವ್ವನ ಖಾತೆಗೆ ಹೋಗುತ್ತದೆ. ಕಾರ್ಡಿನ ಬಾಕಿಯನ್ನು ಕಂತುಗಳಾಗಿ ಮಾಡಿಸಿದ್ದೇವೆ. ಮಿತಿಯನ್ನು ಇಳಿಸಬೇಕೆಂಬ ಅರ್ಜಿಗೆ, ಹೆಚ್ಚಿಸುವಾಗ ಒಂದು ನಿಮಿಷವೂ ಬೇಕಾಗಿರದ ಬ್ಯಾಂಕು ಒಂಬತ್ತು ದಿನ ತೆಗೆದುಕೊಂಡಿತು. ತಿಂಗಳ ಮೊದಲ ಭಾನುವಾರ ಅವನು ಸ್ಟೇಟ್‌ಮೆಂಟ್ ತರುತ್ತಾನೆ, ನಾನು ಪೆನ್ನು ಹಿಡಿದು ಒಂದೊಂದೇ ಸಾಲಿಗೆ ಯಾತಕ್ಕ ಎಂದು ಕೇಳುತ್ತೇನೆ. ನಲವತ್ತು ವರ್ಷ ದಾಟಿದ ಇಬ್ಬರಿಗೆ ಇದು ಹಿತವಾದ ಭಾನುವಾರವೇನಲ್ಲ.

ಹೋದ ತಿಂಗಳು ಮತ್ತೊಂದು ಹಾರ್ಡ್‌ವೇರ್ ಅಂಗಡಿಯ ಹೆಸರು ಬಂತು: 1,860 ರೂಪಾಯಿ. ನಾನು ಪೆನ್ನು ನಿಲ್ಲಿಸಿದೆ. "ನಳದ್ದು" ಎಂದ ಅವನು, ನಾನು ಕೇಳುವ ಮೊದಲೇ. ಬಿಲ್ಲು ಇದೆಯೇ ಎಂದು ಕೇಳಿದೆ. ಅವನು ಎದ್ದು ಬೈಕಿನ ಕೀಲಿ ತೆಗೆದುಕೊಂಡ. ಇಬ್ಬರೂ ಹಳೇ ಹುಬ್ಬಳ್ಳಿಗೆ ಹೋದೆವು. ಚಿಗವ್ವ ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಈ ಹೊತ್ತಿನಲ್ಲಿ ನಾನು ಯಾಕೆ ಬಂದೆನೆಂದು ಕೇಳಲಿಲ್ಲ. ಬಚ್ಚಲಿನಲ್ಲಿ ಹೊಸ ಸ್ಟೀಲಿನ ನಳ ಹೊಳೆಯುತ್ತಿತ್ತು, ಅದರ ಹಿಂದೆ ಗೋಡೆಗೆ ಹೊಸದಾಗಿ ಮೆತ್ತಿದ ಸಿಮೆಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ನಾನು ತಿರುಗಿಸಿದೆ. ಒಳಗಿನಿಂದ ಗಾಳಿಯ ಸದ್ದು ಬಂತು, ನೀರು ಬರಲಿಲ್ಲ.

"ನೀರ ನಾಡದ ಬಿಡ್ತಾರ" ಎಂದಳು ಚಿಗವ್ವ ಹೊರಗಿನಿಂದ. "ಆವಾಗ ಬಾ, ನೋಡಾಕ."

ಅವನು ಬಾಗಿಲಲ್ಲಿ ನಿಂತಿದ್ದ. ನಾನು ನಳವನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿ ಹೊರಗೆ ಬಂದೆ.